ತಾಷ್ಕೆಂಟಿಗೆ ಹೋದ ಕರಿ ಆನೆ

ರಾಜಾಜಿನಗರ

ತಾಷ್ಕೆಂಟಿನಿಂದ ವಾಪಸು ಬಂದಮೇಲೆ ನಮ್ಮ ಬ್ಲಾಕಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನೇನು ನೋಡಿದ್ರಿ ಸಾರ್?" ಸತ್ಯವಾಗಿ ಹೇಳುತ್ತೇನೆ, ನಾನು ಅಲ್ಲಿ ಹೆಚ್ಚಾಗಿ ನೋಡಿದ್ದು ಕೆಂಪಣ್ಣನ ಮುಖವನ್ನು. ಅದನ್ನು ನೋಡುವುದಕ್ಕೆ ವಿಮಾನ ಹತ್ತುವ ಅಗತ್ಯವೇನೂ ಇರಲಿಲ್ಲ. ಕುರುಬರಹಳ್ಳಿಯ ಅವನ ಮನೆಗೆ ನಮ್ಮ ಮನೆಯಿಂದ ನಡೆದೇ ಹೋಗಬಹುದು.

ಕೆಂಪಣ್ಣನೂ ನಾನೂ ಮಾಗಡಿ ರಸ್ತೆಯ ಒಂದು ನೂಲಿನ ಮಿಲ್ಲಿನಲ್ಲಿದ್ದೆವು. ನಾನು ಫಿಟ್ಟರ್, ಅವನು ಎಲೆಕ್ಟ್ರಿಷಿಯನ್. ನಾನು ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಬಾಡಿಗೆಗಿದ್ದವನು. ಅವನು ಅಲ್ಲಿನ ಹಳೇ ಒಕ್ಕಲು. ಅವರಪ್ಪ ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಈಗ ಯಾರದೋ ತಾರಸಿ ಮನೆ. ನಮ್ಮಿಬ್ಬರನ್ನು ಒಂದು ಗೂಟಕ್ಕೆ ಕಟ್ಟಿಹಾಕಿದ್ದು ಚೆಸ್. ಆಡುವುದು ಅರ್ಧ ಗಂಟೆ. ಆಡಿದ ಆಟವನ್ನು ಮತ್ತೆ ಮೊದಲಿನಿಂದ ಇಟ್ಟು, ಇಲ್ಲಿ ಇದನ್ನು ಆಡಿದ್ದರೆ, ಅಲ್ಲಿ ಅದನ್ನು ಆಡಿದ್ದರೆ ಎಂದು ಬಗೆದು ನೋಡುವುದು ಮೂರು ಗಂಟೆ. ಇದಕ್ಕೆ ನಾವು ಪೋಸ್ಟ್‌ಮಾರ್ಟಂ ಎನ್ನುತ್ತಿದ್ದೆವು. ನನ್ನ ಹೆಂಡತಿ ಗಿರಿಜಾ ತಿಥಿ ಎನ್ನುತ್ತಿದ್ದಳು. ಭಾನುವಾರ ಬೆಳಿಗ್ಗೆ ಗೇಟು ಕಿರ್ರೆಂದರೆ ಸಾಕು, "ರೀ, ತಿಥಿಗೆ ಬಂದ್ರು ನೋಡಿ" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಬೇರೆ ಆಟಗಳ ತಿಥಿ ಅಂದಂದಿಗೇ ಮುಗಿಯುತ್ತಿತ್ತು. ಒಂದು ಆಟದ್ದು ಮಾತ್ರ ಮೂರು ವರ್ಷ ನಡೆಯಿತು. ಅದು ನಮ್ಮ ಬ್ಲಾಕಿನ ಗಣಪತಿ ಹಬ್ಬದ ಚೆಸ್ ಪಂದ್ಯದ ಫೈನಲ್. ಬಿಳಿ ನನ್ನದು, ಕರಿ ಕೆಂಪಣ್ಣನದು. ಎರಡು ಕಾಲಾಳು ಕಳೆದುಕೊಂಡು ಕೂತಿದ್ದ ಕೆಂಪಣ್ಣ, ಮೈಕಿನಲ್ಲಿ ಯಾರೋ ಪ್ರಸಾದ ಶುರುವಾಯಿತೆಂದು ಕೂಗಿದ್ದೇ ತಡ, "ಆಯ್ತು ಬಿಡಪ್ಪ, ಸೋತೆ" ಎಂದು ಕೈ ಕೊಟ್ಟು ಎದ್ದುಬಿಟ್ಟ. ನನಗೆ ಕಪ್ ಬಂತು. ಎರಡು ಕಿವಿಯ ಬೆಳ್ಳನೆಯ ಕಪ್, ಒಂದು ಕಿವಿ ಮೊದಲಿನಿಂದಲೂ ಸಡಿಲ. ಗಿರಿಜಾ ಅದರಲ್ಲಿ ಪ್ಲಾಸ್ಟಿಕ್ ಹೂವು ಸಿಕ್ಕಿಸಿ ಶೋಕೇಸಿನಲ್ಲಿಟ್ಟಳು.

ಮಾರನೆಯ ಬೆಳಿಗ್ಗೆ ಕೆಂಪಣ್ಣ ಗೇಟಿಗೆ ಬಂದು ನಿಂತ. "ಲೇ ಬಸಲಿಂಗು, ನಾನು ಆನೆ ಕೊಟ್ಟಿದ್ರೆ?"

ಕೊಟ್ಟಿದ್ದರೆ ಎಂದರೆ ಬಲಿ ಕೊಟ್ಟಿದ್ದರೆ ಎಂದು. ಅವನ ಆನೆ ನೇರವಾಗಿ ಇಳಿದು ಬಂದು ನನ್ನ ರಾಜನ ಪಕ್ಕದ ಮನೆಯಲ್ಲಿ ಕೂರುತ್ತದೆ. ರಾಜ ಅದನ್ನು ಹೊಡೆಯಲೇಬೇಕು, ಬೇರೆ ದಾರಿಯಿಲ್ಲ. ಹೊಡೆದ ತಕ್ಷಣ ರಾಜ ಬಯಲಿಗೆ ಬೀಳುತ್ತಾನೆ, ಕರಿ ಮಂತ್ರಿ ಅಟ್ಟಿಸಿಕೊಂಡು ಬರುತ್ತಾನೆ. "ಬಂದ್ರೆ ಬರ್ಲಿ, ನನ್ನ ರಾಜ ಈ ಸಂದೀಲಿ ನುಗ್ಗಿ ತಪ್ಪಿಸ್ಕೋತಾನೆ" ಎಂದೆ. ಕೆಂಪಣ್ಣ ತಲೆ ಕೆರೆದುಕೊಂಡು ಹೋದ.

ಓದುಗರ ಹತ್ತಿರ ಮುಚ್ಚುಮರೆಯೇಕೆ? ರಾಜ ತಪ್ಪಿಸಿಕೊಳ್ಳುವುದಿಲ್ಲ. ಅವನು ಗೇಟಿಗೆ ಬರುವ ಹತ್ತು ನಿಮಿಷ ಮುಂಚೆ, ಬಚ್ಚಲಲ್ಲಿ ಹಲ್ಲುಜ್ಜುತ್ತಿರುವಾಗ ನನಗದು ಹೊಳೆದಿತ್ತು. ಕರಿ ಕುದುರೆಯನ್ನು ಒಂದು ಸಲ ಹಿಂದಕ್ಕೆ ಇಟ್ಟರೆ ಆ ಸಂದಿಗೆ ಬಾಗಿಲು ಬೀಳುತ್ತದೆ, ನನ್ನ ರಾಜ ಮಟಾಷ್. ಹೊಳೆದ ರಭಸಕ್ಕೆ ಬಾಯಲ್ಲಿದ್ದ ಹಲ್ಲುಪುಡಿಯನ್ನೆಲ್ಲ ನುಂಗಿಬಿಟ್ಟಿದ್ದೆ. ಆದರೆ ಕುದುರೆಯನ್ನು ಹಿಂದಕ್ಕೆ ಇಡುವುದು ಕೆಂಪಣ್ಣನ ಜಾತಕದಲ್ಲೇ ಇರಲಿಲ್ಲ. ಅವನು ಸೈಕಲ್ಲನ್ನೂ ಹಿಂದಕ್ಕೆ ತಳ್ಳುವವನಲ್ಲ, ಎತ್ತಿ ತಿರುಗಿಸುವವನು. ಆನೆ ಕೊಟ್ಟರೆ ಗೆಲುವು ಎಂದು ಅವನ ಮನಸ್ಸು ಹೇಳುತ್ತಿತ್ತು, ತೋರಿಸಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಹೇಳುತ್ತಿರಲಿಲ್ಲ. ಹೀಗೆ ಮೂರು ವರ್ಷ.

ಅಷ್ಟರಲ್ಲಿ ನಮ್ಮ ಮಿಲ್ಲಿಗೆ ತಾಷ್ಕೆಂಟಿನಿಂದ ಹೊಸ ನೂಲುವ ಯಂತ್ರಗಳು ಬರುವುದೆಂದಾಯಿತು. ಕಲಿತು ಬನ್ನಿ ಎಂದು ಇಬ್ಬರನ್ನು ಆರಿಸಿದರು. ಒಬ್ಬ ಫಿಟ್ಟರ್, ಒಬ್ಬ ಎಲೆಕ್ಟ್ರಿಷಿಯನ್. ಕೆಂಪಣ್ಣ ಮಿಲ್ಲಿನ ಕ್ಯಾಂಟೀನಿನಲ್ಲಿ ಎಲ್ಲರೆದುರು ಮೇಜು ಗುದ್ದಿದ: "ಅಲ್ಲಿ ಬೀದಿಗೊಬ್ಬ ಮಾಸ್ಟರ್ ಇರ್ತಾನಂತೆ. ಕೇಳೇಬಿಡೋಣ. ಆನೆ ಸರಿ ಅಂದ್ರೆ ಕಪ್ ನನ್ನ ಮನೆಗೆ. ತಪ್ಪು ಅಂದ್ರೆ ಚೆಸ್ ಬಿಟ್ಟುಬಿಡ್ತೀನಿ, ಜನ್ಮದಲ್ಲಿ ಕಾಯಿ ಮುಟ್ಟಲ್ಲ."

ಎಲ್ಲರೂ ನನ್ನ ಮುಖ ನೋಡಿದರು. "ಆಗಲಿ" ಎನ್ನದೆ ಬೇರೇನು ಮಾಡಲಿ?

ದೆಹಲಿ ದಾಟಿ

ಕೆಂಪಣ್ಣನ ಸಾಮಾನಿನಲ್ಲಿ ಬಟ್ಟೆಗಿಂತ ಹೆಚ್ಚಿದ್ದದ್ದು ಆ ಆಟ. ಒಂದು ಮರದ ಡಬ್ಬಿಯಲ್ಲಿ ಫೈನಲ್ ಆಡಿದ್ದ ಅದೇ ಸೆಟ್. ಅವನ ಭಾವಮೈದ ಚನ್ನಪಟ್ಟಣದಲ್ಲಿ ಕೆತ್ತಿಸಿ ಕೊಟ್ಟದ್ದು. ಅಂಗಡಿಯ ಸೆಟ್ಟಿನ ಹಾಗೆ ಗೋಪುರ, ಟೋಪಿ ಅಲ್ಲ. ಆನೆಗೆ ಸೊಂಡಿಲು, ಒಂಟೆಗೆ ಡುಬ್ಬ, ಕುದುರೆಗೆ ಲಗಾಮು. ಜೊತೆಗೆ ಇನ್ನೂರು ಪುಟದ ಮೂರು ನೋಟುಬುಕ್ಕು, ತುಂಬ ಆ ಒಂದೇ ಆಟದ ಪೋಸ್ಟ್‌ಮಾರ್ಟಂ.

ವಿಮಾನ ಮೇಲೇರಿದ್ದೇ ತಡ, ಊಟದ ಹಲಗೆ ಬಿಡಿಸಿ ಕಾಯಿ ಜೋಡಿಸಿದ. ಮೋಡದ ಮೇಲೆ ಕೂತರೆ ತಲೆ ಚೆನ್ನಾಗಿ ಓಡುತ್ತದೆ ಎಂದು ಅವನ ವಾದ. ಅದು ಓಡುವ ಮೊದಲು ವಿಮಾನ ಒಂದು ಸಲ ಕುಣಿಯಿತು, ಇಡೀ ಸೈನ್ಯ ಚೆಲ್ಲಾಪಿಲ್ಲಿ. ನನ್ನ ಬಿಳಿ ರಾಜ ಎರಡು ಸಾಲು ಮುಂದೆ ಕೂತಿದ್ದ ದಪ್ಪನೆಯ ಹೆಂಗಸಿನ ಬುಟ್ಟಿಯಲ್ಲಿ ಸಿಕ್ಕಿದ. ಆಕೆ ಅವನನ್ನು ಕರವಸ್ತ್ರದಲ್ಲಿ ಒರೆಸಿ, ತಲೆ ಸವರಿ ಕೊಟ್ಟಳು.

"ನೋಡ್ದಾ, ನಿನ್ನ ರಾಜ ಎಲ್ಲಿಗೆ ಓಡಿದ್ರೂ ಸಿಕ್ಕಾಕ್ಕೋತಾನೆ" ಎಂದ ಕೆಂಪಣ್ಣ. ನಾನು ಕಿಟಕಿಯಾಚೆ ನೋಡಿದೆ. ಕೆಳಗೆ ಯಾವುದೋ ಹಿಮದ ಬೆಟ್ಟಗಳು ಹೋಗುತ್ತಿದ್ದವು. ಎಲ್ಲರೂ ಅವುಗಳ ವರ್ಣನೆ ಬರೆಯುತ್ತಾರೆ. ನಾನು ಸೀಟಿನಡಿ ಉರುಳಿದ್ದ ಕಾಲಾಳುಗಳನ್ನು ಹೆಕ್ಕತೊಡಗಿದೆ.

ಕಸ್ಟಮ್ಸ್ ಮೇಜು

ತಾಷ್ಕೆಂಟಿನ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಎದುರುಗೊಂಡವಳು ದುಭಾಷಿ ಗುಲ್ನಾರಾ. ಸುಮಾರು ಇಪ್ಪತ್ತೈದರ ಹುಡುಗಿ, ಎರಡು ಜಡೆ. ಹಿಂದಿಯನ್ನು ಪುಸ್ತಕದಿಂದ ಕಲಿತವಳು. ಬಾಯಿ ತೆರೆದರೆ ರೇಡಿಯೋದ ವಾರ್ತೆ. ಇತ್ತ ಕೆಂಪಣ್ಣನ ಹಿಂದಿ ಎಂದರೆ ಸಿಟಿ ಮಾರ್ಕೆಟ್ಟಿನಲ್ಲಿ ಸಾಬರ ಹತ್ತಿರ ಮಾವಿನಹಣ್ಣು ಚೌಕಾಸಿ ಮಾಡಿ ಕಲಿತದ್ದು. ಅವಳು "ಕೃಪಯಾ ಅಪನಾ ಸಾಮಾನ್ ಮುಝೇ ದೀಜಿಯೇ" ಎಂದಳು. ಅವನು "ನಕ್ಕೋ ಅಮ್ಮ, ನಕ್ಕೋ, ಮೈಚ್ ಉಠಾತೂಂ" ಎಂದು ಎಲ್ಲವನ್ನೂ ತಾನೇ ಎತ್ತಿಕೊಂಡ. ಗುಲ್ನಾರಾ ಅಲ್ಲೇ ನಿಂತು ಪುಟ್ಟ ಪುಸ್ತಕ ತೆಗೆದು 'ನಕ್ಕೋ' ಎಂದು ಬರೆದುಕೊಂಡಳು. ಬೇಡ ಎಂದರ್ಥ ಎಂದು ನಾನು ವಿವರಿಸಿದೆ. ಇಷ್ಟು ಚಿಕ್ಕ ಶಬ್ದ ತನ್ನ ಗುರುಗಳಿಗೇ ಗೊತ್ತಿಲ್ಲವಲ್ಲ ಎಂದು ಅವಳಿಗೆ ಭಾರಿ ಸಂತೋಷವಾಯಿತು.

ಕಸ್ಟಮ್ಸಿನವನು ಗಿರಿಜಾ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಮೂಸಿ, ಸೀನಿ, ಬಿಟ್ಟುಬಿಟ್ಟ. ಅವನ ಕಣ್ಣು ಬಿದ್ದದ್ದು ನೋಟುಬುಕ್ಕುಗಳ ಮೇಲೆ. ಪುಟಪುಟಕ್ಕೂ ಚೌಕ, ಬಾಣದ ಗುರುತು, ಕನ್ನಡ ಅಂಕಿ, ಅಲ್ಲಲ್ಲಿ ಕೆಂಪು ಶಾಯಿಯ ಪ್ರಶ್ನೆಗಳು. ಇದೇನೆಂದು ಕೇಳಿದ. ಕೆಂಪಣ್ಣ ಓದಿದ, ನಾನು ಹಿಂದಿ ಮಾಡಿದೆ, ಗುಲ್ನಾರಾ ಅವರ ಭಾಷೆ ಮಾಡಿದಳು. "ರಾಜ ಯಾವ ಸಂದಿಯಿಂದ ಓಡಿಹೋಗುತ್ತಾನೆ? ಮಂತ್ರಿಯನ್ನು ಮೊದಲೇ ಒಳಗೆ ಬಿಟ್ಟಿರಬೇಕು. ಕಾಲಾಳುಗಳು ಕಣ್ಣು ಮುಚ್ಚಿಕೊಂಡು ಸಾಯಲಿ."

ಆಫೀಸರ್ ನೆಟ್ಟಗೆ ನಿಂತ. ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ. ನಮ್ಮ ಹಿಂದೆ ಕ್ಯೂ ಬೆಳೆಯಿತು. ಯಾವ ರಾಜ, ಯಾವ ದೇಶದ ಮಂತ್ರಿ ಎಂದು ವಿಚಾರಣೆ. ಕೆಂಪಣ್ಣ ಮರದ ಡಬ್ಬಿ ತೆರೆದು ಮೇಜಿನ ಮೇಲೆ ಎಲ್ಲವನ್ನೂ ಸುರುವಿದ. ಮೂವರೂ ಬಗ್ಗಿ ನೋಡಿದರು. ದೊಡ್ಡ ಆಫೀಸರನ ಮೀಸೆ ನಿಧಾನವಾಗಿ ಅಗಲವಾಯಿತು. ಅವನು ಬಿಳಿ ಕಾಲಾಳು ಎತ್ತಿ "ಪಿಯಾದಾ" ಎಂದ.

"ಅಯ್ಯೋ, ನಮ್ಮ ಪ್ಯಾದೆ ಕಣೋ!" ಎಂದು ಕೆಂಪಣ್ಣ ಕುಣಿದ.

ರಾಜನಿಗೆ ಅವರು ಶಾಹ್ ಎಂದರು. ಮಂತ್ರಿಗೆ ಫರ್ಜೀನ್. ಮಂತ್ರಿ ಎಂದೇ ಅದರ ಅರ್ಥ ಎಂದು ಗುಲ್ನಾರಾ ಹೇಳಿದಳು. ಕುದುರೆ ಅಲ್ಲೂ ಕುದುರೆಯೇ. ಇಂಗ್ಲಿಷಿನವರು ಮಂತ್ರಿಯನ್ನು ರಾಣಿ ಮಾಡಿ ಕೆಡಿಸಿದ್ದಾರೆ, ಇವರು ನಮ್ಮವರೇ ಎಂದು ಕೆಂಪಣ್ಣ ಅವರ ಕೈ ಹಿಡಿದು ಕುಲುಕಿದ. ಎಲ್ಲವೂ ಒಂದೇ ಎಂದು ನಾವೂ ನಂಬಿದೆವು, ಅವರೂ ನಂಬಿದರು. ಆನೆಯ ವಿಚಾರ ಯಾರೂ ಕೇಳಲಿಲ್ಲ. ಆನೆ ಎಂದರೆ ಆನೆ, ಅದರಲ್ಲಿ ಕೇಳುವುದೇನಿದೆ?

ಚಾಯ್‌ಖಾನೆ

ಹಗಲು ಕಾರ್ಖಾನೆಯಲ್ಲಿ ತರಬೇತಿ, ಸಂಜೆ ಚಾಯ್‌ಖಾನೆ. ಚಾಯ್‌ಖಾನೆ ಎಂದರೆ ನಮ್ಮ ಹೋಟೆಲಿನಂತೆ ಕುಡಿದು ಎದ್ದುಹೋಗುವ ಜಾಗವಲ್ಲ. ದೊಡ್ಡ ಮರದ ಕೆಳಗೆ, ಕಾಲುವೆಯ ಪಕ್ಕದಲ್ಲಿ, ಮಂಚದಂಥ ಅಗಲ ಕಟ್ಟೆಗಳು. ಅವುಗಳ ಮೇಲೆ ಜಮಖಾನ. ಕಸೂತಿ ಟೋಪಿಯ ಮುದುಕರು ಚಪ್ಪಲಿ ಬಿಟ್ಟು ಹತ್ತಿ ಕೂತರೆ ಸೂರ್ಯ ಮುಳುಗುವವರೆಗೆ ಏಳುವುದಿಲ್ಲ. ಎದೆಯ ಮೇಲೆ ಕೈಯಿಟ್ಟು ನಮಸ್ಕಾರ. ನಾಲ್ಕು ಕಟ್ಟೆಯಲ್ಲಿ ಮೂರರ ಮೇಲೆ ಚೆಸ್. ಕೆಂಪಣ್ಣ ಸ್ವರ್ಗ ಕಂಡವನಂತೆ ಬಾಗಿಲಲ್ಲೇ ನಿಂತುಬಿಟ್ಟ.

ಮೊದಲ ತಪ್ಪು ರೊಟ್ಟಿಯದು. ಅವರ ರೊಟ್ಟಿ ದುಂಡಗೆ, ನಡುವೆ ಅಚ್ಚು ಒತ್ತಿ, ಅಂಚು ಉಬ್ಬಿಸಿ ಸುಟ್ಟದ್ದು. ನಮ್ಮ ಜೋಳದ ರೊಟ್ಟಿ ಯಾವ ಕಡೆಯಿಂದ ನೋಡಿದರೂ ಒಂದೇ, ಹಾಗಾಗಿ ನಾನು ಒಂದು ತುಂಡು ಮುರಿದು ಉಳಿದದ್ದನ್ನು ಬೋರಲು ಇಟ್ಟೆ. ಪಕ್ಕದ ಮುದುಕ ಮಾತಿಲ್ಲದೆ ಅದನ್ನು ಅಂಗಾತ ಮಾಡಿ ಇಟ್ಟ. ನಾನು ಮತ್ತೆ ಮರೆತು ಬೋರಲಿಟ್ಟೆ. ಅವನು ಮತ್ತೆ ಅಂಗಾತ ಮಾಡಿದ. ಮೂರನೆಯ ಸಲ ರೊಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನನಗೆ ಬೇಕಾದಷ್ಟು ತಾನೇ ಮುರಿದು ಕೊಟ್ಟ. ಬೋರಲಿಟ್ಟರೆ ಅನ್ನಕ್ಕೆ ಅವಮಾನವಂತೆ.

ಎರಡನೆಯದು ಚಹಾದ್ದು. ಹಿಡಿಯಿಲ್ಲದ ಬಟ್ಟಲಿನಲ್ಲಿ ಹಸಿರು ಚಹಾ, ಹಾಲಿಲ್ಲ, ಸಕ್ಕರೆಯಿಲ್ಲ. ಅದೂ ತಳ ಮುಚ್ಚುವಷ್ಟೇ ಹಾಕುತ್ತಾರೆ. "ಇಷ್ಟು ದೊಡ್ಡ ದೇಶ, ಇಷ್ಟೇ ಇಷ್ಟು ಟೀ!" ಎಂದು ಕೆಂಪಣ್ಣನಿಗೆ ಬೇಜಾರಾಯಿತು. ಕುರುಬರಹಳ್ಳಿಯ ಮರ್ಯಾದೆ ತೋರಿಸುತ್ತೇನೆಂದು ಕೆಟಲು ಕಿತ್ತುಕೊಂಡು, ಕಟ್ಟೆಯ ಮೇಲಿದ್ದ ಐದೂ ಜನಕ್ಕೆ ತುಳುಕುವಂತೆ ಬಟ್ಟಲು ತುಂಬಿಸಿದ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಉಸಿರಿಗೆ ಕುಡಿದರು. ಎದೆಯ ಮೇಲೆ ಕೈಯಿಟ್ಟರು. ಚಪ್ಪಲಿ ಹಾಕಿಕೊಂಡು ಹೊರಟೇಹೋದರು, ಅರ್ಧ ಆಡಿದ ಆಟವನ್ನೂ ಬಿಟ್ಟು.

"ನಾನೇನು ಮಾಡ್ದೆ ಗುರು?" ಎಂದ ಕೆಂಪಣ್ಣ, ಕೆಟಲು ಕೈಯಲ್ಲೇ ಹಿಡಿದು.

ಗುಲ್ನಾರಾ ನಗು ತಡೆಯಲಾಗದೆ ಜಡೆ ಕಚ್ಚಿಕೊಂಡಿದ್ದಳು. ಅಲ್ಲಿ ಬಟ್ಟಲಿಗೆ ಸ್ವಲ್ಪವೇ ಹಾಕಿದರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಹಾಕುತ್ತೇನೆ ಎಂದರ್ಥ. ತುಂಬಿಸಿದರೆ ದಯವಿಟ್ಟು ಎದ್ದು ಹೋಗಿ ಎಂದು. ನಮ್ಮಲ್ಲಿ ಒಂದು ಕಾಫಿಯನ್ನು ಬೈ-ಟು ಮಾಡಿಸಿ ಎರಡು ಗಂಟೆ ಕೂರುತ್ತೇವಲ್ಲ, ಅದೇ ಲೆಕ್ಕ ಎಂದು ನಾನು ಸಮಾಧಾನ ಹೇಳಿದೆ. ಕೆಂಪಣ್ಣ ಬೀದಿಯುದ್ದಕ್ಕೂ ಓಡಿ ಐವರನ್ನೂ ಕೈಮುಗಿದು ಕರೆತಂದ. ಆಮೇಲೆ ಅವನು ಹಾಕಿದ ಚಹಾ ನೊಣಕ್ಕೂ ಸಾಲುತ್ತಿರಲಿಲ್ಲ.

ಉಸ್ತಾದ್

ಆ ಐವರಲ್ಲೇ ಇದ್ದರು ಉಸ್ತಾದ್. ಟ್ರಾಮು ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದ ವಯಸ್ಸು. ಆ ಚಾಯ್‌ಖಾನೆಯಲ್ಲಿ ಅವರನ್ನು ಸೋಲಿಸಿದವರಿಲ್ಲ. ಅವರದೊಂದು ಗತ್ತು: ಪೋಸ್ಟ್‌ಮಾರ್ಟಂ ಮಾಡುವಾಗ ಕಾಯಿ ಮುಟ್ಟುವುದಿಲ್ಲ, ಬೇರೆಯವರನ್ನೂ ಮುಟ್ಟಲು ಬಿಡುವುದಿಲ್ಲ. ಎಲ್ಲವೂ ಕಣ್ಣಲ್ಲೇ. ಬೋರ್ಡಿಗೆ ಕೈ ತಂದವನ ಬೆರಳಿಗೆ ಚಮಚದಲ್ಲಿ ಒಂದು ಬಿಡುತ್ತಾರೆ.

ಕೆಂಪಣ್ಣ ತನ್ನ ಸೆಟ್ಟಿನ ಕಾಯಿಗಳನ್ನು ಜೋಡಿಸಿದ. ಫೈನಲ್ಲಿನಲ್ಲಿ ಅವನು ಕೈ ಕೊಟ್ಟು ಎದ್ದ ಗಳಿಗೆಯಲ್ಲಿ ಎಲ್ಲೆಲ್ಲಿ ಏನೇನಿತ್ತೋ ಹಾಗೆಯೇ. ಮುದುಕರೆಲ್ಲ ಸುತ್ತ ಸೇರಿದರು. ಸೊಂಡಿಲು, ಡುಬ್ಬ ನೋಡಿ ಮಕ್ಕಳಂತೆ ಖುಷಿಪಟ್ಟರು. ಒಂಟೆಯನ್ನು ಬೊಟ್ಟು ಮಾಡಿ ಇದೇನು ಎಂದು ಉಸ್ತಾದ್ ಕೇಳಿದರು. ಒಂಟೆ ಎಂದು ಗುಲ್ನಾರಾ ಹೇಳಿದಾಗ, ಅವರ ಅಜ್ಜ ಇದರ ಮೇಲೇ ಉಪ್ಪು ಸಾಗಿಸುತ್ತಿದ್ದರು ಎಂದು ನಕ್ಕರು. ಆನೆಯನ್ನು ನೋಡಿ "ಫಿಲ್" ಎಂದು ತಲೆದೂಗಿದರು. ಗುಲ್ನಾರಾ "ಹಾಥಿ" ಎಂದಳು. ಕೆಂಪಣ್ಣ "ಹೌ ಹೌ, ಹಾಥಿ, ವೋಚ್ ಮೇನ್" ಎಂದ, ಅದೇ ಮುಖ್ಯ ಎಂದು.

ಆಮೇಲೆ ಉಸ್ತಾದ್ ಬೋರ್ಡು ನೋಡುತ್ತ ಕೂತರು. ಮೂರು ಕೆಟಲು ಚಹಾ ಆಯಿತು. ಈಗ ಕಂಡುಹಿಡಿಯುತ್ತಾರೆ, ಈಗ ಕುದುರೆ ಹಿಂದಕ್ಕೆ ಎನ್ನುತ್ತಾರೆ, ಕಪ್ಪೂ ಹೋಯಿತು ಮಾನವೂ ಹೋಯಿತು ಎಂದುಕೊಂಡೆ. ಅವರ ಒಂದೊಂದು ಹೂಂಕಾರಕ್ಕೂ ನನ್ನ ಎದೆ ಧಸಕ್ ಎನ್ನುತ್ತಿತ್ತು.

ಕೊನೆಗೆ ಕೆಂಪಣ್ಣ ತಡೆಯಲಾರದೆ ಬೆರಳನ್ನು ಬೋರ್ಡಿನ ಮೇಲೆ ಗಾಳಿಯಲ್ಲೇ ಚಾಚಿದ. ಕರಿ ಆನೆಯನ್ನು ತೋರಿಸಿ, ನನ್ನ ರಾಜನ ಪಕ್ಕದ ಮನೆ ತೋರಿಸಿ, "ಹಾಥಿ ಇಧರ್ ಆಯಾ ತೋ?" ಎಂದು ಕೇಳಿದ. ಅಷ್ಟು ಹೇಳುವಷ್ಟರಲ್ಲಿ ಬೆರಳಿಗೆ ಚಮಚ ಬಿತ್ತು.

ಉಸ್ತಾದ್ ಅವನನ್ನು ದಿಟ್ಟಿಸಿ ನೋಡಿದರು. ಒಂದು ವಾಕ್ಯ ಹೇಳಿದರು. ಸುತ್ತಲಿನ ಮುದುಕರು ಗೊಳ್ಳೆಂದು ನಕ್ಕರು. ಗುಲ್ನಾರಾ ಗಂಭೀರವಾಗಿ ವಾರ್ತೆ ಓದಿದಳು: "ಹಾಥಿ ಇಸ್ ಮಾರ್ಗ್ ಪರ್ ನಹೀಂ ಚಲ್ತಾ."

ಆನೆ ಈ ದಾರಿಯಲ್ಲಿ ನಡೆಯುವುದಿಲ್ಲ. ಕೆಂಪಣ್ಣನ ಮುಖ ಸಣ್ಣದಾಯಿತು. "ಯಾಕೆ ನಡೆಯಲ್ಲ ಅಂತ ಕೇಳಮ್ಮ" ಎಂದು ಕನ್ನಡದಲ್ಲೇ ಅಂದ. ನಾನು ತಿರುಗಿಸಿ ಕೇಳಿದೆ. ಉಸ್ತಾದರ ಉತ್ತರ ಬಂತು: ಈ ಮನುಷ್ಯ ಮೊದಲು ಆನೆ ಹೇಗೆ ನಡೆಯುತ್ತದೆಂದು ಕಲಿಯಲಿ, ಆಮೇಲೆ ಬಲಿ ಕೊಡುವ ಮಾತಾಡಲಿ.

ನನಗೆ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ರೊಟ್ಟಿ ತಿಂದೆ. ಇಷ್ಟು ದೊಡ್ಡ ಆಟಗಾರನಿಗೂ ಆ ಕುದುರೆ ಕಾಣಲಿಲ್ಲವಲ್ಲ, ನಾನೇನು ಕಡಿಮೆ ಆಸಾಮಿಯೇ ಎಂಬ ಜಂಬವೂ ಬಂತು. ಕೆಂಪಣ್ಣ ಬೋರ್ಡಿನಿಂದ ಆ ಕರಿ ಆನೆಯನ್ನು ಎತ್ತಿಕೊಂಡು ಉಸ್ತಾದರ ಅಂಗೈಯಲ್ಲಿಟ್ಟು ಬೆರಳು ಮಡಚಿಸಿದ.

"ನೀವೇ ಇಟ್ಕೊಳ್ಳಿ ಯಜಮಾನ್ರೇ. ನನ್ನ ಹತ್ರ ಇದ್ರೆ ಇದಕ್ಕೆ ದಾರಿ ಗೊತ್ತಾಗಲ್ಲ."

ಉಸ್ತಾದ್ ಅದನ್ನು ಮುದ್ದಿಟ್ಟು ಕೋಟಿನ ಜೇಬಿಗೆ ಹಾಕಿಕೊಂಡರು. ಅವನ ಬಟ್ಟಲಿಗೆ ಇಷ್ಟೇ ಇಷ್ಟು ಚಹಾ ಹಾಕಿದರು. ಕೆಂಪಣ್ಣ ಅದನ್ನು ಕುಡಿಯದೆ ಎದ್ದ.

ಟ್ರಾಮಿನ ಕೊನೆಯ ಸ್ಟಾಪು

ಅಂದಿನಿಂದ ಕೆಂಪಣ್ಣ ಬೇರೆ ಮನುಷ್ಯನಾದ. ಕಾರ್ಖಾನೆಯಲ್ಲಿ ವೈರು ಕೆಂಪೋ ನೀಲಿಯೋ ಎಂದರೆ "ಯಾವುದಾದ್ರೂ ಆಗ್ಲಿ ಬಿಡು" ಎನ್ನುವನು. ನಾನು ಬೇಕೆಂದೇ ತಪ್ಪು ಹೇಳಿದರೂ "ಹೂಂ, ನೀನು ಹೇಳ್ದಂಗೆ" ಎನ್ನುವನು. ಹನ್ನೊಂದು ವರ್ಷದ ಸ್ನೇಹದಲ್ಲಿ ಅವನು ನನ್ನ ಮಾತಿಗೆ ಹೂಂ ಅಂದದ್ದು ಅದೇ ಮೊದಲು. ಅಲ್ಲಿಯ ಖರಬೂಜ ಸಕ್ಕರೆಯಂತಿರುತ್ತದೆ, ಎದುರಿಗೆ ಹೆಚ್ಚಿಟ್ಟರೂ ಮುಟ್ಟಲಿಲ್ಲ. ರಜೆಯ ದಿನ ಹೋಟೆಲಿನ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನನಗೆ ಊರು ತೋರಿಸಲು ಗುಲ್ನಾರಾ ಒಬ್ಬಳೇ ಬಂದಳು.

ಟ್ರಾಮು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದೆವು. ಅಲ್ಲೊಂದು ಪಾರ್ಕು. ಬೆಂಚಿನ ಮೇಲೆ ಇಬ್ಬರು ಮುದುಕಿಯರು ಚೆಸ್ ಆಡುತ್ತಿದ್ದರು, ನಡುವೆ ಸೂರ್ಯಕಾಂತಿ ಬೀಜದ ಪೊಟ್ಟಣ. ಒಬ್ಬಾಕೆ ಸಿಪ್ಪೆ ಉಗಿದು, "ಫಿಲ್!" ಎಂದು ಗುಟುರು ಹಾಕಿ, ಒಂದು ಕಾಯಿಯನ್ನು ಮೂಲೆಯಿಂದ ಮೂಲೆಗೆ ಸರ್ರೆಂದು ಎಳೆದಳು.

ಕ್ರಾಸಾಗಿ.

ನಾನು ಅಲ್ಲೇ ನಿಂತೆ. ನಮ್ಮಲ್ಲಿ ಆನೆ ನೇರ, ಒಂಟೆ ಕ್ರಾಸ್. ರಾಜಾಜಿನಗರದ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. "ಅದಕ್ಕೆ ಏನಂದರು?" ಎಂದು ಗುಲ್ನಾರಾಳನ್ನು ಕೇಳಿದೆ. "ಫಿಲ್. ಹಾಥಿ" ಎಂದಳು. "ಹಾಗಾದರೆ ನೇರ ಹೋಗುವುದಕ್ಕೆ?" "ಅದು ರುಖ್." ಅವಳಿಗೆ ಚೆಸ್ ಬರುವುದಿಲ್ಲ, ಅದರಲ್ಲೇನು ವಿಶೇಷವೆಂದು ಅವಳಿಗೆ ತಿಳಿಯಲಿಲ್ಲ.

ಎಲ್ಲ ಬಿಡಿಸಿಕೊಂಡಿತು. ಉಸ್ತಾದ್ ನಮ್ಮ ಆನೆಯನ್ನು ತಮ್ಮ ಕ್ರಾಸ್ ಹೋಗುವ ಆನೆ ಎಂದುಕೊಂಡಿದ್ದರು. ಒಂಟೆ ಅವರ ಸೆಟ್ಟಿನಲ್ಲೇ ಇಲ್ಲ, ಹಾಗಾಗಿ ಉಳಿದದ್ದು ಅದೊಂದೇ ಎಂದು ನೇರ ಹೋಗುವ ಕಾಯಿ ಮಾಡಿಕೊಂಡಿದ್ದರು. ಮೂರು ಕೆಟಲು ಚಹಾ ಕುಡಿದು ಅವರು ನೋಡಿದ್ದು ನಮ್ಮ ಆಟವನ್ನೇ ಅಲ್ಲ, ಭೂಮಿಯ ಮೇಲೆ ಯಾರೂ ಆಡಿರದ ಇನ್ಯಾವುದೋ ಆಟವನ್ನು. ಆನೆ ಈ ದಾರಿಯಲ್ಲಿ ನಡೆಯುವುದಿಲ್ಲ ಎಂದರೆ ನಡೆಯುವುದಿಲ್ಲ ಎಂದೇ ಅರ್ಥ. ನಾವು ಅದನ್ನು ವೇದಾಂತ ಮಾಡಿಕೊಂಡಿದ್ದೆವು.

"ಕೆಂಪಣ್ಣಜೀ ಅವರಿಗೆ ಇದನ್ನು ಹೇಳಲೇ?" ಎಂದಳು ಗುಲ್ನಾರಾ, ನನ್ನ ಮುಖ ನೋಡಿ.

"ನಕ್ಕೋ" ಎಂದೆ. ಬಾಯಿಂದ ತಾನಾಗಿ ಬಂತು. ಹೊಸ ಶಬ್ದವನ್ನು ಬಳಸುವ ರೀತಿ ಗೊತ್ತಾಯಿತೆಂದು ಅವಳು ಅದನ್ನೂ ಬರೆದುಕೊಂಡಳು. ನನಗೆ ಮಾತ್ರ ನನ್ನ ಮೇಲೇ ಅಸಹ್ಯವಾಯಿತು. ಒಂದು ಕಳ್ಳತನಕ್ಕೆ ಇನ್ನೊಂದು ಸೇರಿತ್ತು.

ವಾಪಸು ಬರುವ ವಿಮಾನದಲ್ಲಿ ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ. ಮೊದಲನೆಯ ಸಲ "ನೀರು ಬೇಕಾ?" ಎಂದೆ. ಎರಡನೆಯ ಸಲ "ಕಿಟಕಿ ಹತ್ರ ಕೂತ್ಕೋತೀಯಾ?" ಎಂದೆ. ಮೂರನೆಯ ಸಲ ಅವನು ನಿದ್ದೆ ಹೋಗಿದ್ದ. ಊಟದ ಹಲಗೆ ಖಾಲಿಯಾಗಿತ್ತು. ವಿಮಾನ ಒಂದು ಸಲವೂ ಕುಣಿಯಲಿಲ್ಲ.

ಕುರುಬರಹಳ್ಳಿ

ಊರಿಗೆ ಬಂದ ಮೊದಲ ಭಾನುವಾರ ಗೇಟು ಕಿರ್ರೆನ್ನಲಿಲ್ಲ. ಗಿರಿಜಾ ಎರಡು ಸಲ ಹೊರಗೆ ಇಣುಕಿದಳು. "ತಿಥಿಗೆ ಬರ್ಲಿಲ್ವಲ್ರೀ ಇವತ್ತು? ಹುಷಾರಿಲ್ವಾ ಅವರಿಗೆ?" ಎಂದಳು. ಎರಡನೆಯ ಭಾನುವಾರವೂ ಬರಲಿಲ್ಲ. ಮೂರನೆಯ ಭಾನುವಾರ ನಾನು ಶೋಕೇಸಿನಿಂದ ಕಪ್ ತೆಗೆದು, ಹೂವು ಕಿತ್ತು, ಪೇಪರಿನಲ್ಲಿ ಸುತ್ತಿಕೊಂಡು ಕುರುಬರಹಳ್ಳಿಗೆ ನಡೆದೆ.

ಕೆಂಪಣ್ಣ ಜಗಲಿಯ ಮೇಲೆ ಕೂತು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದ. "ಸೆಟ್ ತಗೊಂಬಾ" ಎಂದೆ.

"ಬಿಟ್ಟಾಯ್ತಲ್ಲ ಕಣಯ್ಯ. ಮಾತು ಅಂದ್ರೆ ಮಾತು."

"ನೀನು ಮುಟ್ಬೇಡ. ನಾನು ಮುಟ್ತೀನಿ."

ಡಬ್ಬಿ ತಂದ. ಕಾಯಿ ಜೋಡಿಸಿದೆ. ಒಂದು ಕರಿ ಆನೆ ತಾಷ್ಕೆಂಟಿನಲ್ಲೇ ಉಳಿದಿತ್ತು. ಅದರ ಜಾಗಕ್ಕೆ ಕಿಟಕಿಯಲ್ಲಿ ಬಿದ್ದಿದ್ದ ನಮ್ಮ ಮಿಲ್ಲಿನ ನೂಲಿನ ಬಾಬಿನ್ ಒಂದನ್ನು ನಿಲ್ಲಿಸಿದೆ. ಮೊದಲು ಪಾರ್ಕಿನ ಮುದುಕಿಯರ ಕಥೆ ಹೇಳಿದೆ. ಅವರ ಆನೆ ಕ್ರಾಸ್ ಹೋಗುತ್ತದೆ, ಉಸ್ತಾದ್ ಹೇಳಿದ್ದು ನಮ್ಮ ಆಟಕ್ಕಲ್ಲ ಎಂದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಆಮೇಲೆ ಬಾಬಿನ್ನನ್ನು ನೇರ ಇಳಿಸಿ ನನ್ನ ರಾಜನ ಪಕ್ಕ ನಿಲ್ಲಿಸಿದೆ. ರಾಜನಿಂದ ಹೊಡೆಸಿದೆ. ಮಂತ್ರಿಯನ್ನು ತಂದೆ, ರಾಜನನ್ನು ಆ ಸಂದಿಯ ಬಾಯಿಗೆ ಓಡಿಸಿದೆ. ಮೂರು ವರ್ಷ ಇಲ್ಲಿಗೇ ನಿಲ್ಲುತ್ತಿತ್ತು. ಕರಿ ಕುದುರೆಯ ಲಗಾಮು ಹಿಡಿದು ಹಿಂದಕ್ಕೆ ಇಟ್ಟೆ.

ಕೆಂಪಣ್ಣ ನೋಡಿದ. ತುಟಿ ಅಲ್ಲಾಡುತ್ತಿತ್ತು, ಸಂದಿ ಸಂದಿ ಎಣಿಸುತ್ತಿದ್ದ. ಎಲ್ಲೂ ದಾರಿಯಿರಲಿಲ್ಲ.

"ಹಿಂದಕ್ಕಾ?" ಎಂದ.

"ಹೂಂ."

"ಯಾವಾಗ್ ಗೊತ್ತಾಯ್ತು ನಿಂಗೆ? ಪ್ಲೇನಲ್ಲಾ?"

"ಇಲ್ಲ. ಫೈನಲ್ ಆದ ಮಾರನೇ ಬೆಳಿಗ್ಗೆ. ಹಲ್ಲುಜ್ಜುವಾಗ."

ಅವನು ನನ್ನನ್ನು ಯಾರೋ ಎಂಬಂತೆ ನೋಡಿದ. "ನಾನು ಗೇಟ್ ಹತ್ರ ಬಂದಿದ್ನಲ್ಲ, ಅವತ್ತಾ?"

"ಅದಕ್ಕೂ ಮುಂಚೆ."

"ಮೂರು ವರ್ಷ ಕಣಯ್ಯ" ಎಂದ. ದನಿ ಏರಿಸಲಿಲ್ಲ. "ನನ್ನ ಹೆಂಡ್ತಿ ಮಾರಮ್ಮನಿಗೆ ಹರಕೆ ಕಟ್ಕೊಂಡಿದ್ಲು, ಈ ಆನೆ ಹುಚ್ಚು ಬಿಡ್ಲಿ ಅಂತ. ಮಿಲ್ಲಲ್ಲಿ ಆನೆ ಕೆಂಪಣ್ಣ ಅಂತಾರೆ. ನೀನು ಎದುರಿಗೇ ಕೂತು ನಗ್ತಿದ್ದೆ. ನಾಚಿಕೆ ಆಗ್ಲಿಲ್ವಾ?"

"ಆಯ್ತು. ಅದಕ್ಕೇ ಬಂದೆ" ಎಂದೆ. ಕಪ್ಪನ್ನು ಪೇಪರಿನಿಂದ ಬಿಚ್ಚಿ ಅವನ ಮುಂದಿಟ್ಟೆ. ಸಡಿಲ ಕಿವಿ ಟಣ್ಣೆಂದಿತು.

ಅವನು ಕಪ್ಪಿನ ಕಡೆ ನೋಡದೆ ಒಳಗೆ ಹೋದ. ಪಾತ್ರೆ ಸದ್ದಾಯಿತು. ಲೋಟ ಹಿಡಿದು ಬಂದು ನನ್ನ ಮುಂದೆ ಇಟ್ಟ. ಕಾಫಿ. ಅಂಚಿನವರೆಗೆ, ತುಳುಕುವಂತೆ ತುಂಬಿಸಿದ್ದ.

ನಾನು ಲೋಟ ನೋಡಿದೆ, ಅವನನ್ನು ನೋಡಿದೆ. ಅವನು ಬೀದಿ ನೋಡುತ್ತಿದ್ದ. ತಾಷ್ಕೆಂಟಿಗೆ ಹೋಗಿ ಬಂದವರು ನಾವಿಬ್ಬರೇ, ಅದರ ಅರ್ಥ ಇಡೀ ಕುರುಬರಹಳ್ಳಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಸರಿಯಾಗೇ ಇದೆ, ನನಗೆ ಇದೇ ಆಗಬೇಕು ಎಂದುಕೊಂಡೆ. ಕುಡಿಯುವ ಧೈರ್ಯ ಬರಲಿಲ್ಲ. ಎದೆಯ ಮೇಲೆ ಕೈಯಿಟ್ಟು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋದೆ. ಅಗುಳಿ ತೆಗೆಯುವಾಗ ಹಿಂದಿನಿಂದ ಕೂಗು ಬಂತು.

"ಲೇ."

ತಿರುಗಿದೆ. ಕೆಂಪಣ್ಣ ಲೋಟ ಎತ್ತಿಕೊಂಡು ಅರ್ಧ ಕಾಫಿಯನ್ನು ಆ ಕಪ್ಪಿಗೆ ಸುರಿಯುತ್ತಿದ್ದ.

"ಅದು ತೊಳೆದಿಲ್ಲ ಕಣೋ, ಮೂರು ವರ್ಷದ ಧೂಳಿದೆ" ಎಂದೆ.

"ನನ್ನ ಕಪ್ಪು, ನನ್ನ ಧೂಳು. ನಿಂಗೇನು?" ಎಂದ. ಅರ್ಧವಾದ ಲೋಟವನ್ನು ನನ್ನ ಜಾಗದ ಮುಂದೆ ಸರಿಸಿದ. "ಬಾ, ಕೂತ್ಕೋ. ಆ ಯಜಮಾನ್ರು ಮೂರು ಕೆಟಲು ಟೀ ಕುಡ್ದು ನೋಡಿದ್ರಲ್ಲ, ಆ ಆಟ ಇಡೋಣ. ಆನೆ ಕ್ರಾಸ್ ಹೋದ್ರೆ ಯಾರು ಗೆಲ್ತಾರೆ ಅಂತ ನೋಡೇಬಿಡೋಣ."

ನಾನು ಚಪ್ಪಲಿ ಬಿಟ್ಟು ಬಂದು ಕೂತೆ. ಅವನು ಸಡಿಲ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಒಂದು ಗುಟುಕು ಕುಡಿದು, ಬಾಬಿನ್ನನ್ನು ಮೊದಲಿನ ಜಾಗಕ್ಕೆ ವಾಪಸು ಇಟ್ಟ.